ಮುಂದಿನ ಮನೆ, ಹಿಂದಿನ ಕೋಣೆ

ಏನು ಮಾಡುವುದಿದ್ದರೂ ನಾಲ್ಕು ಜನರನ್ನು ಕೇಳಿ ಮಾಡಬೇಕು ಎಂದು ನಾನು ನಂಬಿದವಳು. ನಾಲ್ಕು ಸಾಲದೆ ಎಂಟು ಜನರನ್ನು ಕೇಳಿದ್ದೂ ಉಂಟು. ಮದುವೆಯಾಗಿ ಇಷ್ಟು ವರ್ಷವಾದರೂ ಹುಳಿಗೆ ಬೇಳೆ ಎಷ್ಟು ಹಾಕಲಿ ಎಂದು ಪಕ್ಕದ ಮನೆಯವರನ್ನು ಕೇಳುತ್ತೇನೆ. ಅವರು ಹೇಳಿದ್ದನ್ನೂ ನನಗೆ ತೋಚಿದ್ದನ್ನೂ ಸೇರಿಸಿ ಅರ್ಧ ಮಾಡಿ ಹಾಕುತ್ತೇನೆ. ಹುಳಿ ಹೇಗೋ ಒಂದು ದಡ ಮುಟ್ಟುತ್ತದೆ. ಆದರೆ ಊರಿನಿಂದ ಊರಿಗೆ ಸಂಸಾರ ಸಾಗಿಸುವಾಗಲೂ ಇದೇ ಪದ್ಧತಿ ಅನುಸರಿಸಿದೆನಲ್ಲ, ಅದರಿಂದ ಆದ ಗೊಂದಲ ಇಂದಿಗೂ ಪೂರ್ತಿ ಇಳಿದಿಲ್ಲ.

ಆಗ ನಾವು ಮಸಿನಗುಡಿಯಲ್ಲಿದ್ದೆವು. ವಿದ್ಯುತ್ ಯೋಜನೆಯ ಕ್ಯಾಂಪಿನಲ್ಲಿ ನಮ್ಮವರು ಗುಮಾಸ್ತರು. ತಗಡಿನ ಸೂರಿನ ಒಂದು ಮನೆ, ಹಿತ್ತಿಲಲ್ಲಿ ಹತ್ತು ಬಾಳೆಗಿಡ. ಆ ಬಾಳೆಯನ್ನು ನೆಟ್ಟವಳು ನಾನೇ. ಯಾರನ್ನೂ ಕೇಳದೆ ಮಾಡಿದ ಒಂದೇ ಕೆಲಸವೆಂದರೆ ಅದು. ಬೆಳಗ್ಗೆ ಎದ್ದರೆ ಹಾಲಿನ ರಂಗಮ್ಮ ಎದುರುಮನೆ ಜಗಲಿಯಿಂದಲೇ ಕೂಗುತ್ತಿದ್ದಳು: "ಅಮ್ಮಾ, ಬಾಗ್ಲು ತೆಗೀಬ್ಯಾಡಿ. ಬಾಳೆ ಹತ್ರ ನಿಂತೈತೆ. ಹಾಲು ಆಮ್ಯಾಕೆ ಕೊಡ್ತೀನಿ." ನಿಂತಿದ್ದದ್ದು ಏನು ಎಂದು ಅವಳೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅದು ಹೋಗುವವರೆಗೆ ಕಾಫಿ ಇಲ್ಲ, ಅಷ್ಟೆ. ಹೀಗೆಯೇ ಕಾಲ ಕಳೆಯುತ್ತಿತ್ತೋ ಏನೋ. ಒಂದು ದಿನ ದೋಸೆ ಹುಯ್ಯುತ್ತಿದ್ದೆ. ಆರು ವರ್ಷದ ಸರೋಜ ಬಂದು ಬಂದು ತಟ್ಟೆ ಒಡ್ಡುತ್ತಿದ್ದಳು. ನಾಲ್ಕನೆಯ ದೋಸೆಗೆ ಬಂದಾಗ, "ಏನೇ ಇದು, ಹೊಟ್ಟೆಯೋ ಹಗೇವೋ?" ಎಂದೆ. "ನನಗಲ್ಲಮ್ಮ, ಅದಕ್ಕೆ. ಸಾಲಲಿಲ್ಲ ಅನ್ನತ್ತೆ," ಎಂದಳು. ನಡುಮನೆಗೆ ಹೋಗಿ ನೋಡಿದರೆ ಕಿಟಕಿಯ ಸರಳುಗಳ ನಡುವಿನಿಂದ ಸೊಂಡಿಲೊಂದು ಒಳಗೆ ಬಂದು ನೆಲವನ್ನು ತಡವುತ್ತಿತ್ತು. ನಮ್ಮವರು ಮಂಚದ ಮೇಲೆ ಹತ್ತಿ ನಿಂತು, ಎರಡು ವರ್ಷದ ಮೂರ್ತಿಯನ್ನು ತಲೆಯ ಮೇಲೆತ್ತಿಕೊಂಡು, "ಅದಕ್ಕೇನು ಬೇಕೋ ಕೊಟ್ಟು ಕಳಿಸೇ," ಎಂದು ಪಿಸುಗುಟ್ಟುತ್ತಿದ್ದರು. ಉಳಿದ ಹಿಟ್ಟನ್ನೆಲ್ಲ ಹುಯ್ದು ಕೊಟ್ಟೆ. ಅದು ಹೋದ ಮೇಲೆ ನಾವಿಬ್ಬರೂ ಒಂದೇ ಮಾತು ಆಡಿದೆವು: ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಪಟ್ಟಣ ಸೇರಬೇಕು, ಭಯವಿಲ್ಲದ ಜಾಗವಾಗಿರಬೇಕು, ನಮ್ಮ ಸಂಬಳಕ್ಕೆ ಎಟಕುವಂತಿರಬೇಕು.

ವಿಚಾರಣೆ ಶುರುವಾಯಿತು. ಗೂಡಲೂರು ಅಗ್ಗ ಎಂದು ಒಬ್ಬರೆಂದರೆ, ಅಲ್ಲಿಂದ ಬಂದವರೇ ಕಾಲಿನ ಜಿಗಣೆ ಕಿತ್ತುಹಾಕುತ್ತ, "ಊಟಿಗೆ ಹೋಗಿ," ಎಂದರು. ಊಟಿ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ಮಿಲಿಟರಿಯವರಿದ್ದಾರೆ, ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ ಎಂದು ನಮ್ಮವರ ಸಾಹೇಬರು ಹೇಳಿದರು. ಹೋಗಿ ನೋಡಿದೆವು, ಊರು ಭದ್ರವಾಗಿತ್ತು, ಬಾಡಿಗೆಗೆ ಮನೆ ಇರಲಿಲ್ಲ. ಕೊನೆಗೆ ನಮ್ಮವರು ಊಟಿಯ ಕಚೇರಿಗೆ ವರ್ಗ ಕೇಳಿಕೊಂಡರು. ಊಟಿ ಎಂದರೆ ದೊರೆಗಳ ಊರು, ನಮ್ಮಂಥವರಿಗೆಲ್ಲಿ ಮನೆ ಸಿಕ್ಕೀತು ಎಂದು ಹೆದರುತ್ತಲೇ ಆಗಸ್ಟ್ ತಿಂಗಳ ಒಂದು ಜಡಿಮಳೆಯಲ್ಲಿ ಬಸ್ಸಿಳಿದೆವು. ಆಶ್ಚರ್ಯವೆಂದರೆ, ಬೀದಿಗೆ ನಾಲ್ಕು ಮನೆ ಖಾಲಿ ಇದ್ದವು. ಮಾರ್ಕೆಟ್ಟಿನ ಮೇಲಿನ ಗುಡ್ಡದಲ್ಲಿ ನಮಗೆ ಒಪ್ಪಿಗೆಯಾದ ಮನೆಗೆ ಗಾಜಿನ ದೊಡ್ಡ ಕಿಟಕಿ, ಹಲಗೆಯ ನೆಲ, ಎರಡು ಕೋಣೆ, ಅಡುಗೆಮನೆ. ಅದರ ಹಿಂದೆ ಸೌದೆಗೊಂದು ಕೋಣೆ, ಅದರಲ್ಲೇ ನೀರೊಲೆ, ಹಂಡೆ. ಬಾಡಿಗೆ ಕೇಳಿ ನಮ್ಮವರು ಎರಡು ಸಲ, "ತಿಂಗಳಿಗೇ ತಾನೇ?" ಎಂದರು. ವಾರಕ್ಕೆ ಎನ್ನುತ್ತಾರೇನೋ ಎಂಬ ಅನುಮಾನ.

ಮನೆಯ ಒಡತಿ ನಂಜಮ್ಮ ಊಟಿಯ ಪಕ್ಕದ ಹಳ್ಳಿ ಸೋಲೂರಿನವರು. ಬೆಟ್ಟದ ಬೇಸಾಯಗಾರರಾದ ಬಡಗರ ಹೆಂಗಸು, ಮೈಗೆ ಬಿಳಿಯ ಬಟ್ಟೆ, ತಲೆಗೂ ಬಿಳಿಯ ಬಟ್ಟೆ, ಮುಖದಲ್ಲಿ ಯಾವ ಆತುರವೂ ಇಲ್ಲ. ಆಲೂಗೆಡ್ಡೆ ಹೊಲ, ತುಂಡು ಟೀ ತೋಟ ನೋಡಿಕೊಂಡು ಊರಲ್ಲೇ ಇರುತ್ತಿದ್ದರು. ಬಸ್ಸಿನಲ್ಲಿ ಆಗೀಗ ಬರುತ್ತಿದ್ದರು. ನಾನು ಅವರನ್ನು ಕೇಳದೆ ಬಿಟ್ಟ ಪ್ರಶ್ನೆಯಿಲ್ಲ. ನೀರು ದಿನಾ ಬರುತ್ತದೆಯೇ, ಸೌದೆ ಎಲ್ಲಿ ಸಿಗುತ್ತದೆ, ಪಕ್ಕದ ಮನೆಯ ನಾಯಿ ಕಚ್ಚುತ್ತದೆಯೇ, ಈ ಕಡೆ ಆನೆ ಬರುತ್ತದೆಯೇ. ಕೊನೆಯದಕ್ಕೆ ಅವರು, "ಆನೆಗೆ ಇಲ್ಲಿ ಚಳಿ ತಡೆಯಾದಮ್ಮ," ಎಂದರು.

ಆ ಚಳಿ ಏನೆಂದು ನಮಗೆ ಡಿಸೆಂಬರಿನಲ್ಲಿ ತಿಳಿಯಿತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಿದರೆ ಮೈಗೆಲ್ಲ ಇದ್ದಿಲಿನ ವಾಸನೆ. ನಮ್ಮವರು ಕಚೇರಿಗೆ ಹೋದರೆ, ಮನೆಗೆ ಬೆಂಕಿ ಬಿತ್ತೇ ಎಂದು ಕೇಳಿದ್ದರಂತೆ. ಗಾಜಿನ ಕಿಟಕಿ ನೋಡಲು ಚೆನ್ನ. ಅದರ ಸಂದಿಯಿಂದ ಮಂಜು ನೆಂಟರ ಹಾಗೆ ಒಳಗೆ ಬಂದು ಕೂರುತ್ತಿತ್ತು. ಮೂರ್ತಿಗೆ ಕೆಮ್ಮು ಹತ್ತಿಕೊಂಡಿತು. ಔಷಧಿ, ಕಷಾಯ, ಎದೆಗೆ ಎಣ್ಣೆ, ಎಲ್ಲ ಆಯಿತು. ಮಗು ಮಲಗಿದಲ್ಲೇ ಗೊರಗೊರ ಎನ್ನುತ್ತಿದ್ದರೆ, ಆನೆಯಿಂದ ಬಿಡಿಸಿಕೊಂಡು ಬಂದು ಈ ಚಳಿಯ ಕೈಗೆ ಕೊಟ್ಟೆನೇ ಎಂದು ನನಗೆ ಒಳಗೊಳಗೇ ಹೆದರಿಕೆ. ಸರೋಜಳಿಗೇನೋ ಶಾಲೆ ಸಿಕ್ಕಿತ್ತು, ಅವಳು ಸುಖವಾಗಿದ್ದಳು. ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

ಏಪ್ರಿಲ್ ಹುಟ್ಟಿತು. ಒಂದು ಬೆಳಗ್ಗೆ ನಂಜಮ್ಮ ಒಂದು ಚೀಲ ಆಲೂಗೆಡ್ಡೆ ಹೊತ್ತು ಬಂದು ಬಾಗಿಲಲ್ಲಿ ನಿಂತು ಸುತ್ತ ನೋಡಿದರು.

"ಏನಮ್ಮ, ಇನ್ನೂ ಕಟ್ಟಿಲ್ಲೆಯಾ?"

"ಏನು ಕಟ್ಟಬೇಕು?"

"ಸಾಮಾನು. ನಾಡಿದ್ದು ಸೀಸನ್ನಿನವರು ಬರ್ತಾರೆ."

"ಎಲ್ಲಿಗೆ?"

"ಇಲ್ಲಿಗೆ. ಈ ಮನೆಗೆ."

"ಮತ್ತೆ ನಾವು?"

"ನಿಂಗ ಹಿಂದೆ," ಎಂದು ಗದ್ದದಿಂದ ಸೌದೆಕೋಣೆಯನ್ನು ತೋರಿಸಿದರು. "ಎರಡೇ ತಿಂಗಳು. ಆ ಎರಡು ತಿಂಗಳು ಬಾಡಿಗೆ ಬೇಡ."

"ಮೊದಲೇ ಒಂದು ಮಾತು ಹೇಳಬಾರದಾಗಿತ್ತೇ ನಂಜಮ್ಮ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಂಗ ಎಲ್ಲಾ ಕೇಳಿದ್ರಿ. ನೀರು ಕೇಳಿದ್ರಿ, ಸೌದೆ ಕೇಳಿದ್ರಿ, ನಾಯಿ ಕೇಳಿದ್ರಿ. ಸೀಸನ್ ಕೇಳಿಲ್ಲೆ. ಗೊತ್ತಿದೆ ಅಂದುಕೊಂಡೆ."

ನಾನು ಪಕ್ಕದ ಮನೆಯ ಟೀಚರಮ್ಮನವರಲ್ಲಿಗೆ ದೂರು ಹೇಳಲು ಓಡಿದೆ. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ತಮ್ಮ ಮಂಚವನ್ನು ಅಡುಗೆಮನೆಗೆ ಎಳೆಯುತ್ತಿದ್ದರು. "ಏಪ್ರಿಲ್ ಬಂತು, ಬೇಸಿಗೆ ಕಳೆಯೋರು ಬಂದ್ರು ಅಂದ್ರೆ ಊಟಿಯವರೆಲ್ಲ ಒಂದೊಂದು ಕೋಣೆ ಹಿಂದಕ್ಕೆ ಸರೀತೀವಿ," ಎಂದರು. "ಈ ಕಾಲು ಸ್ವಲ್ಪ ಹಿಡೀರಿ." ಹಿಡಿದೆ. ದೂರು ಅಲ್ಲೇ ಮರೆತುಹೋಯಿತು.

ನಮ್ಮವರಿಗೆ ಸಿಟ್ಟು ಬಂತು. ಬೇರೆ ಮನೆ ನೋಡುತ್ತೇನೆಂದು ಹೊರಟವರು ಸಂಜೆ ಸಪ್ಪಗೆ ಬಂದರು. ಆಗಸ್ಟಿನಲ್ಲಿ ಬೀದಿಗೆ ನಾಲ್ಕು ಖಾಲಿ ಇದ್ದ ಊರಿನಲ್ಲಿ ಈಗ ಕುದುರೆ ಲಾಯವನ್ನೂ ಗುಡಿಸಿ ಸಾರಿಸುತ್ತಿದ್ದರಂತೆ. ಮರುದಿನ ನಂಜಮ್ಮನೂ ನಾನೂ ಸೇರಿ ಸೌದೆಯನ್ನು ಒಂದು ಮೂಲೆಗೆ ಒಟ್ಟಿ, ಉಳಿದ ಮೂರು ಮೂಲೆಯಲ್ಲಿ ಸಂಸಾರ ಹೂಡಿದೆವು.

ಬಂದವರು ಬೆಂಗಳೂರಿನ ವಕೀಲರ ಸಂಸಾರ. ಹಂಡೆ ನಮ್ಮ ಕೋಣೆಯಲ್ಲಿ ಇದ್ದುದರಿಂದ ಅವರ ಸ್ನಾನದ ನೀರು ನನ್ನ ಪಾಲಿಗೆ ಬಂತು. ವಕೀಲರ ಹೆಂಡತಿ ಬಹಳ ಒಳ್ಳೆಯವರು. "ಈ ಮನೆಯಲ್ಲಿ ಇರೋರು ಭಾಳ ಅಚ್ಚುಕಟ್ಟು ಕಣ್ರೀ. ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ಮೊಳೆ ಹೊಡೆದಿದ್ದಾರೆ. ಎಲ್ಲಿಗೆ ಹೋಗಿದ್ದಾರೆ ಅವರು?" ಎಂದು ಕೇಳಿದರು. "ಇಲ್ಲೇ ಹತ್ತಿರ," ಎಂದೆ. ಅದೇಕೆ ಹಾಗೆಂದೆನೋ! ಅಂದ ಮೇಲೆ ಬದಲಿಸುವಂತಿಲ್ಲ. ಕಚೇರಿಗೆ ಹೊರಟ ನಮ್ಮವರನ್ನು ವಕೀಲರು ಕೈ ತಟ್ಟಿ ಕರೆದು, "ಒಳ್ಳೇ ಸಾಧು ಕುದುರೆ ಎರಡು ಕರಕೊಂಡು ಬಾಪ್ಪ," ಎಂದರು. ನಮ್ಮವರು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡರು. ಆಮೇಲೆ ಹೋಗಿ ಕರೆತಂದರು. ಏಕೆ ತಂದಿರಿ ಎಂದು ಕೇಳಿದರೆ, "ಅವರು ಕೇಳಿದ ರೀತಿ ಹಾಗಿತ್ತು," ಎಂದರು. ಊರಿಗೆ ಹೊರಡುವಾಗ ವಕೀಲರ ಹೆಂಡತಿ ನನಗೊಂದು ಹಳೆಯ ಸ್ವೆಟರು ಕೊಟ್ಟರು. ಇಸಕೊಂಡೆ. ಅದು ಬೆಚ್ಚಗಿತ್ತು.

ಇಷ್ಟೆಲ್ಲದರ ನಡುವೆ ಒಂದು ಸಂಗತಿ ನನ್ನ ಲಕ್ಷ್ಯಕ್ಕೆ ಬಂದದ್ದು ತಡವಾಗಿ. ಮೂರ್ತಿಯ ಕೆಮ್ಮು ನಿಂತಿತ್ತು. ಬೇಸಿಗೆಯೆಂದು ನಿಂತಿತೇನೋ ಎಂದುಕೊಂಡೆ. ಜೂನ್ ಮಳೆ ಹಿಡಿದು, ನಾವು ದೊಡ್ಡ ಗಾಜಿನ ಕಿಟಕಿಯ ಮನೆಗೆ ಮರಳಿದ ಮೂರನೆಯ ದಿನಕ್ಕೆ ಮತ್ತೆ ಗೊರಗೊರ. ಮಗುವನ್ನು ಎತ್ತಿಕೊಂಡು ಹಂಡೆಯ ಪಕ್ಕಕ್ಕೆ ಹೋಗಿ ಕುಳಿತೆ, ನಿಂತಿತು. ಬಟ್ಟೆಯೂ ಅಲ್ಲೇ ಒಣಗುತ್ತಿತ್ತು. ಸರೋಜ ತಾನಾಗಿ ಪುಸ್ತಕ ಹಿಡಿದು ಬಂದಳು. ಸಂಜೆ ನಮ್ಮವರೂ ದಿಂಬು ಹಿಡಿದು ಬಂದರು. ಅಲ್ಲಿಗೆ ನನಗೆ ಸ್ಪಷ್ಟವಾಯಿತು, ಭದ್ರವಾದದ್ದೂ ಅಗ್ಗವಾದದ್ದೂ ಆದ ಜಾಗ ಊಟಿಯಲ್ಲಿದ್ದರೆ ಅದು ಈ ಸೌದೆಕೋಣೆಯೇ. ನಂಜಮ್ಮ ಬಂದಾಗ ಕೇಳಿಯೇ ಬಿಟ್ಟೆ: "ಮುಂದಿನ ಮನೆ ಬೇರೆ ಯಾರಿಗಾದರೂ ಕೊಡಿ. ನಮಗೆ ವರ್ಷ ಪೂರ್ತಿ ಹಿಂದಿನ ಕೋಣೆಯೇ ಸಾಕು."

ನಂಜಮ್ಮನ ಮುಖ ಮೊದಲ ಸಲ ಬಾಡಿತು. "ಅದು ಆಗಾದಮ್ಮ. ಹಿಂದಿನ ಕೋಣೆ ಕೊಟ್ಟುಬಿಟ್ಟರೆ, ಸೀಸನ್ನಿಗೆ ಮುಂದಿನ ಮನೆಯವರನ್ನ ಎಲ್ಲಿ ಇಡಲಿ?"

"ಮುಂದಿನ ಮನೆಯವರು ನಾವೇ ಅಲ್ಲವೇ?"

"ಅದೇ ನಾನೂ ಹೇಳಾದು. ಎರಡು ಮಕ್ಕಳನ್ನ ಕಟ್ಟಿಕೊಂಡು ಆ ಎರಡು ತಿಂಗಳು ನಿಂಗ ಎಲ್ಲಿಗೆ ಹೋಗ್ತೀರಿ? ಪಾಪ."

ಅವರ ಕಣ್ಣಲ್ಲಿ ನಮ್ಮ ಬಗ್ಗೆ ಅಷ್ಟು ನಿಜವಾದ ಮರುಕವಿತ್ತು, ನನಗೂ ಒಂದು ಕ್ಷಣ ನಮ್ಮ ಗತಿಯೇನು ಎಂದು ದಿಗಿಲಾಯಿತು. ಹೌದಲ್ಲ, ಬೇಡ ಬಿಡಿ ಎಂದುಬಿಟ್ಟೆ. ರಾತ್ರಿ ನಮ್ಮವರಿಗೆ ಇದನ್ನು ವಿವರಿಸಿದಾಗ ಅವರು ಕಾಗದ ಪೆನ್ಸಿಲು ತೆಗೆದು ಮನೆಯ ಚಿತ್ರ ಬರೆದು, ಬಾಣದ ಗುರುತು ಹಾಕಿ ನೋಡಿ, "ಆಕೆ ಹೇಳೋದು ಸರಿ ಇದೆ," ಎಂದರು.

ಇದಾಗಿ ಆರು ವರ್ಷವಾಯಿತು. ಬಾಡಿಗೆ ಮುಂದಿನ ಮನೆಗೆ ಕೊಡುತ್ತೇವೆ, ಇರುವುದು ಹಿಂದಿನ ಕೋಣೆಯಲ್ಲಿ. ಮೂರ್ತಿಗೆ ಕೆಮ್ಮು ಬಂದಿಲ್ಲ. ಪಾಪ, ನಂಜಮ್ಮನಿಗೆ ಇದು ತಿಳಿದರೆ ಬೇಸರವಾದೀತೆಂದು, ನಡುವೆ ಅವರು ಬಂದಾಗ ಮುಂಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸುತ್ತೇನೆ, ಏಪ್ರಿಲ್‌ನಲ್ಲಿ ಅವರು ಬರುವ ಮುನ್ನಾದಿನ ಮಂಚ, ಪೆಟ್ಟಿಗೆ, ಪಾತ್ರೆಯನ್ನೆಲ್ಲ ಮುಂದಿನ ಮನೆಗೆ ಸಾಗಿಸಿ ಜೋಡಿಸಿಡುತ್ತೇನೆ. ಮಾರನೆಯ ದಿನ ಅವರು ಬಂದು, ಕಟ್ಟಿ ಎನ್ನುತ್ತಾರೆ. ಇಬ್ಬರೂ ಸೇರಿ ಹಿಂದಕ್ಕೆ ಸಾಗಿಸುತ್ತೇವೆ. ಹೋದ ಸಲ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ನಡೆಯುತ್ತ ಅವರು, "ಮೊದಲ ವರ್ಷ ಎಷ್ಟು ಗಾಬರಿ ಬಿದ್ರಿ! ಈಗ ನೋಡಿ, ನಿಂಗ ಊಟಿಯವರೇ ಆಗಿಬಿಟ್ರಿ," ಎಂದು ಮೆಚ್ಚಿಕೊಂಡರು. ನಾನು ಪೆಟ್ಟಿಗೆಯ ನನ್ನ ತುದಿಯನ್ನು ನೆಲಕ್ಕಿಳಿಸಿದೆ. ಅದೇ ಪೆಟ್ಟಿಗೆಯನ್ನು ಹಿಂದಿನ ದಿನವಷ್ಟೇ ಒಬ್ಬಳೇ ಮುಂದಕ್ಕೆ ಎಳೆದು ಸೊಂಟ ಹಿಡಿದುಕೊಂಡಿತ್ತು.