ಎಣಿಕೆ ನಿಷೇಧದ ಹಿಂಪಡೆತ ಹಾಗೂ ಏಳು ಉಂಡೆಗಳ ಬಗ್ಗೆ

ಕೌಶಲ ಸಹವಿಕಾಸ ಮಾಪನ ಕೋಶ, ದಾವಣಗೆರೆ
ಸಂಖ್ಯೆ: ಕೌಸಮಾ/ತಾಳ್ಮೆ-ಎಣಿಕೆ/17

ವಿಷಯ: ಎಣಿಸಲು ಕಲಿತ ಮಕ್ಕಳು ತಾಳ್ಮೆಗೆಡುತ್ತಾರೆಂಬ ತೀರ್ಮಾನವನ್ನು ಹಿಂಪಡೆಯುವ ಕುರಿತು.

ಉಲ್ಲೇಖ: (ಅ) ಇದೇ ಕೋಶದ ಸುತ್ತೋಲೆ ಸಂಖ್ಯೆ 16, ದುರದೃಷ್ಟವಶಾತ್.
(ಆ) ಮಾಪಕಿ ನುಜತ್ ಅವರ ವಿವರಣೆ.
(ಇ) ಜೀಪ್ ಚಾಲಕ ಬುಡನ್ ಸಾಬ್ ಅವರ ಹೇಳಿಕೆ.

ತಾಳ್ಮೆ ಮತ್ತು ಎಣಿಕೆ ಎಂಬೆರಡು ಕೌಶಲಗಳು ಜೊತೆಜೊತೆಯಾಗಿ ಹೇಗೆ ಬೆಳೆಯುತ್ತವೆ, ಯಾವುದು ಯಾವುದನ್ನು ಎಳೆಯುತ್ತದೆ ಎಂಬುದನ್ನು ತಿಳಿಯಲು ಮಲೆಬೆನ್ನೂರಿನ ಶಿಶುಕೇಂದ್ರದ ಒಂಬತ್ತು ಮಕ್ಕಳನ್ನು ಆರು ತಿಂಗಳಿಗೊಮ್ಮೆ ಅಳೆಯಲಾಗುತ್ತಿದೆ. ಪ್ರತಿ ಮಗುವಿನ ಮುಂದೆ ಒಂದು ಶೇಂಗಾ ಉಂಡೆ ಇಡಲಾಗುವುದು. ಹತ್ತು ನಿಮಿಷ ಮುಟ್ಟದಿದ್ದರೆ ಇನ್ನೊಂದು ಕೊಡಲಾಗುವುದು.

1. ಮೊದಲೆರಡು ಸುತ್ತುಗಳಲ್ಲಿ ಮಕ್ಕಳು ತೃಪ್ತಿಕರವಾಗಿ ಕಾದಿರುತ್ತಾರೆ. ಮೂರನೆಯ ಸುತ್ತಿನ ಹೊತ್ತಿಗೆ ಎಲ್ಲರೂ ಇಪ್ಪತ್ತರವರೆಗೆ ಎಣಿಸಲು ಕಲಿತಿದ್ದು, ಹನ್ನೊಂದು ಸೆಕೆಂಡಿನಲ್ಲಿ ಒಂಬತ್ತೂ ಉಂಡೆಗಳು ಮಾಯವಾಗಿರುತ್ತವೆ. ನಕ್ಷೆಯಲ್ಲಿ ಎಣಿಕೆಯ ಗೆರೆ ಮೇಲಕ್ಕೂ ತಾಳ್ಮೆಯ ಗೆರೆ ಕೆಳಕ್ಕೂ ಹೋಗಿದ್ದರಿಂದ, ಎಣಿಕೆಯೇ ತಾಳ್ಮೆಯನ್ನು ನುಂಗಿತೆಂದು ಒಂದರಿಂದ ಇನ್ನೊಂದಕ್ಕೆ ಕೆಂಪು ಶಾಯಿಯಲ್ಲಿ ಬಾಣ ಎಳೆಯಲಾಯಿತು. ಕೇಂದ್ರದಲ್ಲಿ ಎಣಿಕೆಯನ್ನು ನಿಷೇಧಿಸಿ, ಮಕ್ಕಳನ್ನು ಸರಿಯಾಗಿ ಕಾಯಿಸಲಿಲ್ಲವೆಂದು ನುಜತ್ ಅವರಿಗೆ ಕೆಲಸದಿಂದ ತೆಗೆಯುವ ನೋಟಿಸ್ ನೀಡಲಾಯಿತು.

2. ನಿಷೇಧದ ನಾಲ್ಕನೇ ದಿನ ಗಿರಿಯಮ್ಮ ಎಂಬುವರು ಐದು ವರ್ಷದ ಮೊಮ್ಮಗಳು ಸಹನಾಳನ್ನು ಕರೆದುಕೊಂಡು, ಹರಿಹರದಲ್ಲಿ ಬಸ್ಸು ಬದಲಿಸಿ, ಕಚೇರಿಗೆ ಹಾಜರಾದರು. ಮಗು ಮನೆಯಲ್ಲಿ ರೊಟ್ಟಿ ಎಣಿಸಲೂ ಹೆದರುತ್ತಿದೆ ಎಂಬುದು ಅವರ ದೂರು. ನೋಟಿಸ್ ಕೈಯಲ್ಲಿ ಹಿಡಿದು ನಿಂತಿದ್ದ ನುಜತ್, ಇದುವರೆಗೆ ಕೋಶದ ಯಾರಿಗೂ ಹೊಳೆಯದ ವಿಧಾನವೊಂದನ್ನು ಅನುಸರಿಸಿದರು. ನೆಲದ ಮೇಲೆ ಕುಳಿತು, ಯಾಕೆ ಕಾಯಲಿಲ್ಲವೆಂದು ಮಗುವನ್ನೇ ಕೇಳಿದರು.

3. ಮಗುವಿನ ಹೇಳಿಕೆ ಯಥಾವತ್ತಾಗಿ ಹೀಗಿದೆ: "ಎಲ್ಲರಿಗೂ ಒಂದೊಂದು ಕೊಟ್ಟ ಮ್ಯಾಲೆ ಡಬ್ಬದಾಗ ಎರಡೇ ಉಳಿದಿದ್ವು. ನಾವು ಒಂಬತ್ತು ಮಂದಿ. ಕಾಯೋದು ಯಾಕ?"

4. ಮೂರನೆಯ ಸುತ್ತಿಗೆ ಕಚೇರಿಯಿಂದ ಜೀಪಿನಲ್ಲಿ ಹದಿನೆಂಟು ಉಂಡೆ ರವಾನೆಯಾಗಿ ಹನ್ನೊಂದು ತಲುಪಿದ್ದರಿಂದ ವಿಚಾರಣೆ ನಡೆಸಲಾಯಿತು. ಹರಿಹರದ ಸೇತುವೆಗೆ ಮುನ್ನ ಮೂರು, ನಂತರ ನಾಲ್ಕು ಉಂಡೆಗಳು ಗುಣಮಟ್ಟ ಪರೀಕ್ಷೆಗೆ ಒಳಪಟ್ಟಿರುತ್ತವೆ. ಪರೀಕ್ಷಿಸಿದವರು ನಿರ್ದೇಶಕರು. ಚಾಲಕರ ಹೇಳಿಕೆ: "ಸಾಹೇಬ್ರು ತಿನ್ನೋದು ಕನ್ನಡಿಯಾಗ ಕಾಣ್ತಿತ್ತು. ಬ್ಯಾಡ ಅನ್ನೋಕೆ ನಾನ್ಯಾರು? ನಂಗೂ ಒಂದು ಕೊಡಬಹುದಿತ್ತು." ಇದನ್ನು ಓದಿದಾಗ ನಿರ್ದೇಶಕರ ಕಿವಿಗಳು ಕೆಂಪಾದದ್ದನ್ನು ಇಬ್ಬರು ಗುಮಾಸ್ತರು ದೃಢೀಕರಿಸಿದ್ದಾರೆ.

5. ಆದ್ದರಿಂದ ಎಣಿಕೆ ನಿಷೇಧವನ್ನೂ ನುಜತ್ ಅವರ ನೋಟಿಸನ್ನೂ ರದ್ದುಪಡಿಸಲಾಗಿದೆ. ಎಣಿಸಲು ಬಾರದ ಮಗುವಿನ ಮುಂದೆ ತಾಳ್ಮೆಯನ್ನು ಅಳೆದ ಉಂಡೆ, ಎಣಿಸಲು ಬಲ್ಲ ಮಗುವಿನ ಮುಂದೆ ಇಲಾಖೆಯ ಮೇಲಿನ ನಂಬಿಕೆಯನ್ನು ಅಳೆಯುತ್ತದೆ. ಅಳತೆಗೋಲು ಪ್ರತಿ ಸುತ್ತಿನಲ್ಲೂ ಒಂದನ್ನೇ ಅಳೆಯುತ್ತಿದೆಯೇ ಎಂದು ಖಚಿತವಾಗುವವರೆಗೆ ಯಾರೂ ಬಾಣ ಎಳೆಯತಕ್ಕದ್ದಲ್ಲ. ಕೆಂಪು ಶಾಯಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.

6. ಮುಂದಿನ ಸುತ್ತುಗಳಲ್ಲಿ ಉಂಡೆಗಳನ್ನು ಮಕ್ಕಳೇ ಎಣಿಸಿ ಹೆಬ್ಬೆಟ್ಟು ಒತ್ತತಕ್ಕದ್ದು. ನಿರ್ದೇಶಕರು ಹಿಂದಿನ ಜೀಪಿನಲ್ಲಿ ಬರತಕ್ಕದ್ದು. ಹಿಂದಿನ ಜೀಪು ಇಲ್ಲದಿರುವುದರಿಂದ ಬಸ್ಸಿನಲ್ಲಿ ಬರತಕ್ಕದ್ದು.

7. ನಿರ್ದೇಶಕರ ತಾಳ್ಮೆಯನ್ನೂ ಆರು ತಿಂಗಳಿಗೊಮ್ಮೆ ಅಳೆಯಲಾಗುವುದು. ಮೊದಲ ಅಳತೆಯಲ್ಲಿ ಅವರು ನಲವತ್ತು ಸೆಕೆಂಡ್ ಕಾದಿದ್ದು, ಗೆರೆ ಮೇಲೇರಲು ವಿಪುಲ ಅವಕಾಶವಿದೆ ಎಂದು ನುಜತ್ ಷರಾ ಬರೆದಿರುತ್ತಾರೆ.

8. ಪೂರ್ತಿ ಹದಿನೆಂಟು ಉಂಡೆಗಳೊಂದಿಗೆ ನಡೆದ ಮರುಪರೀಕ್ಷೆಯಲ್ಲಿ ಒಂಬತ್ತೂ ಮಕ್ಕಳು ಕಾದಿರುತ್ತಾರೆ. ಸಹನಾ ಕಣ್ಣು ಮುಚ್ಚಿ, ಇಪ್ಪತ್ತರವರೆಗೆ ಮತ್ತೆ ಮತ್ತೆ ಎಣಿಸುತ್ತ ಹತ್ತು ನಿಮಿಷ ಕಳೆದಳು. ಉಳಿದವರೂ ದನಿಗೂಡಿಸಿದರು. ಎಣಿಕೆಯೇ ತಾಳ್ಮೆಯನ್ನು ಬೆಳೆಸುತ್ತದೆಂದು ಬಾಣ ಎಳೆಯಲು ನಿರ್ದೇಶಕರು ಬೀರುವಿನ ಬೀಗದ ಕೈ ಕೇಳಿದ್ದು, ನುಜತ್ ನಿರಾಕರಿಸಿರುತ್ತಾರೆ. ಒಂದು ಸುತ್ತಿನಿಂದ ಏನೂ ಹೇಳಲಾಗದು, ಆರು ತಿಂಗಳು ಕಾಯಬೇಕೆಂದು ಈ ಮೂಲಕ ನಿರ್ದೇಶಕರಿಗೆ ನಿರ್ದೇಶಕರಿಂದಲೇ ಸೂಚಿಸಲಾಗಿದೆ.

ಸಹಿ/-
(ಬಸವಕಿರಣ್)
ನಿರ್ದೇಶಕರು

ಪ್ರತಿಗಳು:
ನುಜತ್ ಅವರಿಗೆ, ಕ್ಷಮೆಯೊಂದಿಗೆ.
ಬುಡನ್ ಸಾಬ್ ಅವರಿಗೆ, ಉಂಡೆಯೊಂದಿಗೆ.
ಕೇಂದ್ರದ ಶಿಕ್ಷಕಿ ಕಸ್ತೂರಮ್ಮ ಅವರಿಗೆ, ಇಪ್ಪತ್ತೊಂದರಿಂದ ಪಾಠ ಮುಂದುವರಿಸಲು.
ಕುಮಾರಿ ಸಹನಾಳಿಗೆ, ಅಜ್ಜಿಯ ಮೂಲಕ. ಓದಿ ಹೇಳುವಾಗ ಮಗು ಎದ್ದು ಆಡಲು ಹೋದಲ್ಲಿ ಓದುವುದನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.