ಡಬ್ಬಿಯ ಚೀಸ್, ದೇವೀರಪ್ಪನವರ ಮೂಗು

ಇದು ಕೆಟ್ಟಿದೆಯೋ, ಇಲ್ಲಾ ಇರುವುದೇ ಹೀಗೋ?

ವಿಶ್ವನಾಥ ಬೆರಳ ತುದಿಗೆ ಅಂಟಿದ್ದ ಬಿಳಿ ಮುದ್ದೆಯನ್ನು ಇನ್ನೊಮ್ಮೆ ನೆಕ್ಕಿ ನೋಡಿದ. ಹುಳಿ. ಹುಳಿಯ ಬೆನ್ನಿಗೇ ಸ್ವಲ್ಪ ಉಪ್ಪು. ಸಿಹಿ ಮಾಡಲು ತಂದ ಪದಾರ್ಥ ಹುಳಿಯಾಗಿರುವುದಕ್ಕೆ ಏನು ಕಾರಣವಿದ್ದೀತು? ಕೇಳೋಣವೆಂದರೆ ಯಶೋದಾ ಕಡೂರಿನ ಬಸ್ಸಿನಲ್ಲಿದ್ದಳು. ಫೋನ್ ಮಾಡಬಹುದಿತ್ತು. ಆದರೆ ಫೋನ್ ಮಾಡುವುದೆಂದರೆ 'ಒಂದೇ ಒಂದು ಕೆಲಸ ಹೇಳಿದ್ದೆನಲ್ರೀ' ಎಂಬ ಮಾತನ್ನು ತಾನಾಗಿಯೇ ಮನೆಗೆ ಕರೆದು ಕೂರಿಸಿದಂತೆ.

ಕೆಲಸವೇನೋ ಒಂದೇ ಆಗಿತ್ತು. "ಚೀಸ್ ಆಚೆ ಇಟ್ಟಿದೀನಿ. ಮೆತ್ತಗಾದ್ಮೇಲೆ ಸಕ್ಕರೆ ಪುಡಿ, ಕೆನೆ ಹಾಕಿ ಚೆನ್ನಾಗಿ ಕಡೀರಿ. ಗಾಜಿನ ಬಟ್ಟಲಿಗೆ ಹಾಕಿ ಫ್ರಿಜ್ಜಲ್ಲಿಡಿ. ನಾನು ಹಣ್ಣು, ಬಿಸ್ಕತ್ತು ತಗೊಂಡು ಹಂಸಕ್ಕನ ಕಾರಲ್ಲೇ ಬತ್ತೀನಿ. ಅದ್ರಲ್ಲಿ ಅದ್ದಿ ತಿನ್ನೋದು ಅಷ್ಟೇ" ಎಂದು ಹೇಳಿ ಯಶೋದಾ ಹೊರಟಿದ್ದಳು. ಅದಕ್ಕೆ ಚೀಸ್ ಡಿಪ್ ಅನ್ನುತ್ತಾರಂತೆ. ಫೋನಿನಲ್ಲಿ ನೋಡಿ ಕಲಿತಿದ್ದಳು.

ಹಂಸಾ ಎಂದರೆ ಕಡೂರಿನಲ್ಲಿ ಕಲ್ಯಾಣ ಮಂಟಪ ಇಟ್ಟಿರುವ ಭಾರ್ಗವರ ಹೆಂಡತಿ. ಮಂಟಪದ ಊಟ ತಿಂಡಿಯ ಯಜಮಾನಿಕೆ ಎಲ್ಲ ಅವಳದೇ. ಯಶೋದಾ ಅಂಗಡಿಗಳಿಗೆ ಚಕ್ಕುಲಿ ನಿಪ್ಪಟ್ಟು ಮಾಡಿಕೊಡುತ್ತ ಎಷ್ಟೋ ಕಾಲದಿಂದ ಅಡುಗೆಮನೆಯಲ್ಲೇ ಬೆವರುತ್ತಿದ್ದಳು. ಊಟಕ್ಕೆ ಮುಂಚೆ ಬಾಯಾಡಿಸಲು ಮಂಟಪದ ಬಾಗಿಲಲ್ಲಿ ಇಡುತ್ತಾರಲ್ಲ, ಆ ಕೌಂಟರು ತನಗೆ ಸಿಕ್ಕರೆ ಎಂದು ಅವಳಿಗೆ ಆಸೆ. "ಚಕ್ಕುಲಿ ಎಲ್ರೂ ತರ್ತಾರೆ, ಹೊಸದೇನಾದ್ರೂ ಇದ್ರೆ ಹೇಳಿ, ಬಂದು ರುಚಿ ನೋಡ್ತೀನಿ" ಎಂದಿದ್ದಳು ಹಂಸಾ. ಆ ಹೊಸದು ಈಗ ವಿಶ್ವನಾಥನ ಮುಂದೆ ಮೇಜಿನ ಮೇಲೆ ಕೂತಿತ್ತು. ಬೆಂಗಳೂರಿನಿಂದ ತರಿಸಿದ್ದ ಒಂದೇ ಡಬ್ಬಿ. ಅಜ್ಜಂಪುರದ ಯಾವ ಅಂಗಡಿಯಲ್ಲೂ ಅದು ಸಿಗುವಂಥದಲ್ಲ.

ಕೆಲಸ ಕೆಟ್ಟರೆ ಯಶೋದಾ ಬೈಯುವವಳಲ್ಲ. ಸುಮ್ಮನಾಗಿಬಿಡುತ್ತಾಳೆ. ವಿಶ್ವನಾಥನೂ ಮಾತು ಕಡಿಮೆಯ ಮನುಷ್ಯ. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಯ ಕಡತಗಳ ನಡುವೆ ದಿನವಿಡೀ ತುಟಿ ಬಿಚ್ಚದೆ ಕೂರಬಲ್ಲ. ಆದರೆ ಅವನ ಮೌನ ಖಾಲಿ ಕುರ್ಚಿಯಂಥದು, ಯಾರಿಗೂ ತೊಂದರೆಯಿಲ್ಲ. ಅವಳದು ಕರೆಂಟು ಹೋದ ಮನೆಯಂಥದು. ಯಾವಾಗ ಬರುತ್ತದೋ ಎಂದು ಕತ್ತಲಲ್ಲಿ ಕಾಯುತ್ತಲೇ ಇರಬೇಕು.

ಡಬ್ಬಿ ಹಿಡಿದುಕೊಂಡು ಹಿತ್ತಲಿಗೆ ಬಂದ. ಕಾಂಪೌಂಡಿನ ಆಚೆ ಪಕ್ಕದ ಮನೆಯ ದೇವೀರಪ್ಪ ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದರು. ಹಾಲಿನ ಡೈರಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದಂತೆ ದೂರದಿಂದಲೇ ಮೂಸಿ, 'ನಿನ್ನೆ ಸಾಯಂಕಾಲದ ಹಾಲು ಬೆರೆಸಿದೀಯ, ತಗೊಂಡ್ ಹೋಗಲೇ' ಎಂದು ಎಷ್ಟೋ ಜನರನ್ನು ವಾಪಸ್ಸು ಕಳಿಸಿದ ಮೂಗು ಅವರದು. ಊರು ಆ ಮೂಗಿಗೆ ಹೆದರುತ್ತಿತ್ತು.

"ಏನಪ್ಪಾ ವಿಶ್ವಣ್ಣ, ಸುಣ್ಣದ ಡಬ್ಬಿ ಹಿಡ್ಕೊಂಡು ನಿಂತಿದೀಯ?"

"ಸುಣ್ಣ ಅಲ್ಲ ಸರ್, ಚೀಸು. ಸ್ವಲ್ಪ ನೋಡ್ತೀರಾ? ಹುಳಿ ಅನ್ಸುತ್ತೆ."

ದೇವೀರಪ್ಪ ಹಲ್ಲುಕಡ್ಡಿ ಬಿಸಾಡಿ, ಕಣ್ಣು ಮುಚ್ಚಿ, ಡಬ್ಬಿಯನ್ನು ಮೂಗಿನ ಬಳಿಗೆ ತಂದರು. ಮರುಗಳಿಗೆಗೇ ತಲೆ ಹಿಂದಕ್ಕೆಳೆದರು.

"ಹೋಯ್ತು ಕಣೋ ಇದು! ಹಳಸಿ ಹೋಗಿದೆ."

"ಡಬ್ಬಿ ಮೇಲೆ ತಾರೀಕು ಇನ್ನೂ ಮುಗ್ದಿಲ್ಲ ಸರ್."

"ತಾರೀಕು ಅವ್ರದ್ದು, ಮೂಗು ನಂದು. ಯಾವ್ದನ್ನ ನಂಬ್ತೀಯೋ ನಂಬು."

ವಿಶ್ವನಾಥ ಮೂಗನ್ನು ನಂಬಿದ. ಹಾಲಿನ ವಿಷಯದಲ್ಲಿ ಆ ಮೂಗು ಎಂದೂ ತಪ್ಪಿದ್ದನ್ನು ಅವನು ಕೇಳಿರಲಿಲ್ಲ.

"ಈಗೇನ್ ಮಾಡೋದು ಸರ್? ಸಾಯಂಕಾಲ ಅವ್ರು ಬಂದ್ಬಿಡ್ತಾರೆ."

"ಹುಳಿ ಹೊಡ್ಯೋಕೆ ಅಡುಗೆ ಸೋಡಾ. ಒಂದ್ ಚಿಟಿಕೆ ಹಾಕು, ಹಾಲಿಗೂ ಅದೇ ಮಾಡ್ತಿದ್ರು ಕಳ್ಳ ನನ್ಮಕ್ಳು" ಎನ್ನುತ್ತ ದೇವೀರಪ್ಪ ಗೇಟು ತೆಗೆದುಕೊಂಡು ಅಡುಗೆಮನೆಗೇ ಬಂದರು. ಚಿಟಿಕೆ ಎಂದವರು ತಮ್ಮ ಕೈಯಿಂದಲೇ ಹಾಕಿದರು. ಆ ಕೈ ಬೆರಳುಗಳೋ ಬದನೆಕಾಯಿ ದಪ್ಪದವು.

ಚೀಸು ಮೊದಲು ಸುಮ್ಮನಿತ್ತು. ಆಮೇಲೆ ಅದರೊಳಗಿಂದ ಯಾರೋ ಉಸಿರಾಡಿದ ಹಾಗೆ ಗುಳ್ಳೆ ಎದ್ದವು. ನೊರೆ ಬಂತು. ರುಚಿ ನೋಡಿದರೆ ಹುಳಿ ಹೋಗಿರಲಿಲ್ಲ, ಅದರ ಜೊತೆಗೆ ಬಟ್ಟೆ ಸೋಪಿನ ರುಚಿ ಬಂದು ಸೇರಿಕೊಂಡಿತ್ತು.

"ಹೆದ್ರಬೇಡ" ಎಂದರು ದೇವೀರಪ್ಪ, ತಾವೇ ಸ್ವಲ್ಪ ಹೆದರಿ. "ಸೋಡಾ ಸತ್ತು ಹೋಗ್ಬೇಕಂದ್ರೆ ಒಂದ್ ಕುದಿ ಕೊಡ್ಬೇಕು."

ಒಂದು ಕುದಿ ಕೊಟ್ಟರು. ಚೀಸು ಮೊದಲು ಕರಗಿತು, ಆಮೇಲೆ ಒಡೆಯಿತು. ತಳದಲ್ಲಿ ಹಳದಿ ನೀರು, ಮೇಲೆ ಅಲ್ಲಲ್ಲಿ ತೇಲುವ ಉಂಡೆಗಳು. ಮಳೆ ನಿಂತ ಮೇಲೆ ಗುಂಡಿಯಲ್ಲಿ ತೇಲುವ ಥರ್ಮಾಕೋಲಿನ ಚೂರುಗಳಂತೆ. ಇಬ್ಬರೂ ಪಾತ್ರೆಯನ್ನೇ ನೋಡುತ್ತ ನಿಂತರು.

"ನೋಡ್ದಾ? ಒಳ್ಳೇದಾಗಿದ್ರೆ ಒಡೀತಿತ್ತಾ? ಕೆಟ್ಟಿತ್ತು ಅಂತ ಈಗ ಗ್ಯಾರಂಟಿ ಆಯ್ತು" ಎಂದು ತೀರ್ಪು ಕೊಟ್ಟು ದೇವೀರಪ್ಪ ಮಧ್ಯಾಹ್ನದ ನಿದ್ದೆಗೆ ಹೊರಟುಹೋದರು. ವಿಶ್ವನಾಥ ಪಾತ್ರೆಯನ್ನು ತೆಂಗಿನ ಬುಡಕ್ಕೆ ಸುರಿದು, ಮೇಲೆ ಮಣ್ಣು ಎಳೆದ. ಖಾಲಿ ಡಬ್ಬಿಯನ್ನು ಮಾತ್ರ ತೊಳೆದು ಕಟ್ಟೆಯ ಮೇಲಿಟ್ಟ. ಯಾಕೆ ಹಾಗೆ ಮಾಡಿದನೆಂದು ಅವನಿಗೇ ಆಗ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಮುಂಬಾಗಿಲಲ್ಲಿ ಎದುರು ಮನೆಯ ಕಲ್ಲಮ್ಮನ ದನಿ ಕೇಳಿಸಿತು. "ಯಶೋದಾ! ಏ ಯಶೋದಾ! ಇಲ್ವೇನಪ್ಪಾ ಅವ್ಳು? ತಗೋ, ನಿನ್ನೆ ರಾತ್ರಿ ಹಸ ಕರ ಹಾಕ್ತು. ಹೆಣ್ಗರ! ಒಂದಿಷ್ಟು ಗಿಣ್ಣು ಮಾಡಿದ್ದೆ."

ಕಲ್ಲಮ್ಮ ತುಂಬಿದ ಪಾತ್ರೆಯನ್ನು ಅವನ ಕೈಗಿಟ್ಟು, ಉಳಿದ ಮನೆಗಳಿಗೆ ಹಂಚಲು ಹೊರಟರು. ಈಗಷ್ಟೇ ಕರು ಹಾಕಿದ ಹಸುವಿನ ಮೊದಲ ಹಾಲನ್ನು ಸಕ್ಕರೆ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು. ಬೆಣ್ಣೆಯಂತೆ ಗಟ್ಟಿಯಾಗಿ, ತುಸು ಅಲುಗುತ್ತ ಕೂತಿತ್ತು. ವಿಶ್ವನಾಥ ಬಹಳ ಹೊತ್ತು ಅದನ್ನೇ ನೋಡಿದ. ಎದೆಯಲ್ಲಿ ಏನೋ ಒಂದು ಕೆಟ್ಟ ಯೋಚನೆ, ಪಂಚೆಯೊಳಗೆ ಇರುವೆ ಹರಿದ ಹಾಗೆ, ಮೆಲ್ಲಗೆ ಏರುತ್ತಿತ್ತು.

ಮಿಕ್ಸಿಗೆ ಗಿಣ್ಣು ಹಾಕಿದ. ಕೆನೆ ಹಾಕಿದ, ಇನ್ನಷ್ಟು ಸಕ್ಕರೆ ಪುಡಿ ಹಾಕಿದ. ತಿರುಗಿಸಿ ಮುಚ್ಚಳ ತೆಗೆದರೆ ಯಶೋದಾ ಫೋನಿನಲ್ಲಿ ತೋರಿಸಿದ ಚಿತ್ರವೇ ಅಲ್ಲಿತ್ತು. ನುಣುಪಾಗಿ, ಮೆತ್ತಗೆ, ಬಣ್ಣ ಮಾತ್ರ ಒಂದು ಚೂರು ಹಳದಿ. ಗಾಜಿನ ಬಟ್ಟಲಿಗೆ ಹಾಕಿ, ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿ, ಆ ಬಾಗಿಲಿಗೇ ಬೆನ್ನು ಕೊಟ್ಟು ನಿಂತ.

ಸಂಜೆ ಕಾರು ಬಂತು. ಯಶೋದಾ ನೇರವಾಗಿ ಅಡುಗೆಮನೆಗೆ ನುಗ್ಗಿ ಬಟ್ಟಲು ತೆಗೆದಳು. "ಬಣ್ಣ ಏನ್ರೀ ಹಿಂಗೆ?"

"ಏಲಕ್ಕಿ ಹಾಕ್ದೆ."

ಏಲಕ್ಕಿಗೆ ಹಳದಿ ಬಣ್ಣವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಚಮಚದ ತುದಿಯಲ್ಲಿ ರುಚಿ ನೋಡಿ ಸುಮ್ಮನಾದಳು. ಇದು ಯಾವ ಬಗೆಯ ಮೌನವೆಂದು ವಿಶ್ವನಾಥ ಅವಳ ಮುಖ ನೋಡಿದ.

"ರೀ," ಎಂದಳು ಮೆಲ್ಲಗೆ, "ನೀವು ಇಷ್ಟ್ ಚೆನ್ನಾಗ್ ಮಾಡ್ತೀರ ಅಂತ ನಂಗೊತ್ತೇ ಇರ್ಲಿಲ್ಲ."

ಹಂಸಾಳ ಜೊತೆ ಅವಳ ಅತ್ತೆ ಶಾರದಾಂಬಾ ಅವರೂ ಬಂದಿದ್ದರು. ಮಡಿ ಆಚಾರದಲ್ಲಿ ಬಹಳ ಬಿಗಿ. ಕಾರಿನಲ್ಲಿ ಕುಡಿಯುವ ನೀರನ್ನೂ ಮನೆಯಿಂದಲೇ ತಂದಿದ್ದರು. ಬಟ್ಟಲನ್ನು ಅನುಮಾನದಿಂದ ನೋಡಿ, "ಮೊಟ್ಟೆ ಗಿಟ್ಟೆ ಏನೂ ಇಲ್ಲ ತಾನೇ ಇದ್ರಲ್ಲಿ?" ಎಂದು ಕೇಳಿದರು.

"ಇಲ್ಲಮ್ಮ, ಬರೀ ಹಾಲು" ಎಂದ ವಿಶ್ವನಾಥ. ಆ ದಿನ ಅವನಾಡಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಅಷ್ಟರಲ್ಲಿ ಕಾರು ಬಂದದ್ದು ನೋಡಿ ಕಲ್ಲಮ್ಮ ಬಂದರು, ಅವರ ಹಿಂದೆ ನಿದ್ದೆ ಮುಗಿಸಿದ ದೇವೀರಪ್ಪ ಬಂದರು. ಬಂದವರಿಗೂ ಯಶೋದಾ ಒಂದೊಂದು ಬಟ್ಟಲು ಕೊಟ್ಟಳು. ಹಂಸಾ ದ್ರಾಕ್ಷಿಯನ್ನು ಅದ್ದಿ ಬಾಯಿಗಿಟ್ಟುಕೊಂಡಳು. ಒಂದು, ಆಮೇಲೆ ಇನ್ನೊಂದು, ಆಮೇಲೆ ಸೇಬಿನ ಹೋಳು, ಆಮೇಲೆ ಹಣ್ಣು ಬಿಟ್ಟು ಬರೀ ಚಮಚ.

"ಯಶೋದಾ, ಸತ್ಯ ಹೇಳ್ತೀನಿ ಕೇಳಿ" ಎಂದಳು. "ಬೆಂಗಳೂರಲ್ಲಿ ದೊಡ್ಡ ದೊಡ್ಡ ಕಡೆ ತಿಂದಿದೀನಿ ಇದನ್ನ. ಎಲ್ಲಾ ಕಡೆ ಒಂಥರಾ ಹುಳಿ, ಸ್ವಲ್ಪ ಉಪ್ಪುಪ್ಪು. ಚೀಸ್ ಅಂದ್ರೆ ಹಾಗೇ ಇರೋದಂತೆ. ನಂಗೆ ಹಿಡಿಸ್ತಿರ್ಲಿಲ್ಲ. ನಿಮ್ಮದ್ರಲ್ಲಿ ಅದಿಲ್ವೇ ಇಲ್ಲ!"

ವಿಶ್ವನಾಥ ದೇವೀರಪ್ಪನವರ ಕಡೆ ನೋಡಿದ. ದೇವೀರಪ್ಪ ತಿರುಗುತ್ತಿದ್ದ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಬಳಿಕ ತಪ್ಪಿಸಿಕೊಳ್ಳಲೆಂಬಂತೆ ಚಮಚ ಬಾಯಿಗಿಟ್ಟರು. ಒಮ್ಮೆಲೇ ಅವರ ಮೂಗಿನ ಹೊಳ್ಳೆ ಅರಳಿದವು. ಎಷ್ಟಾದರೂ ಹಾಲು ಬಲ್ಲ ಮೂಗು.

"ಇದು..." ಎಂದರು.

"ಏನ್ ಸರ್?" ಎಂದ ವಿಶ್ವನಾಥ. ಅವನ ಕಣ್ಣಿನಲ್ಲಿ ದೇವೀರಪ್ಪನವರಿಗೆ ಒಡೆದ ಚೀಸಿನ ಪಾತ್ರೆಯೂ ಸೋಡಾದ ಡಬ್ಬಿಯೂ ಒಟ್ಟಿಗೆ ಕಾಣಿಸಿರಬೇಕು.

"ಇದು ಒಳ್ಳೇ ಚೀಸು" ಎಂದು ದೇವೀರಪ್ಪ ಕುರ್ಚಿಯಲ್ಲಿ ಹಿಂದಕ್ಕೊರಗಿದರು.

ಕಲ್ಲಮ್ಮ ಮಾತ್ರ ಬಟ್ಟಲು ಬಳಿದು ತಿನ್ನುತ್ತ ಬೆರಗಾಗಿದ್ದರು. "ಎಂಥಾ ರುಚಿ ಕಣೇ ಯಶೋದಾ! ಇವತ್ತು ನಾನೂ ಗಿಣ್ಣು ಮಾಡಿ ಮನೆ ಮನೆಗೆ ಕೊಟ್ಟೆ. ಇದ್ರ ಮುಂದೆ ಅದೇನು, ಹಿಂಡಿ!"

ಗಿಣ್ಣು ಎಂದದ್ದೇ ತಡ, ಶಾರದಾಂಬಾ ಅವರು ಚಮಚ ಗಾಳಿಯಲ್ಲೇ ನಿಲ್ಲಿಸಿದರು. "ರಾಮ ರಾಮ! ಈದ ಹಸುವಿನ ಹಾಲು ಹತ್ತು ದಿನ ಕಳೀದೆ ನಾವು ಮುಟ್ಟೋದೂ ಇಲ್ಲಮ್ಮ. ನಮ್ಮತ್ತೆ ಕಾಲದಿಂದ ಗಿಣ್ಣು ಹೊಸಿಲು ದಾಟಿಲ್ಲ." ಚಮಚ ಬಾಯಿಗೆ ಹೋಯಿತು. "ಇದಾದ್ರೆ ಡಬ್ಬಿದು. ಯಾವ ಮೈಲಿಗೇನೂ ಇಲ್ಲ."

ವಿಶ್ವನಾಥ ಹೇಳಬೇಕೆಂದಿದ್ದ ಮಾತು, ಇನ್ನೇನು ನಾಲಿಗೆಯ ಮೇಲೆ ಕೂತಿದ್ದದ್ದು, ತಿರುಗಿ ಹೊಟ್ಟೆಯೊಳಕ್ಕೆ ಇಳಿಯಿತು. ಶಾರದಾಂಬಾ ಅವರ ಬಟ್ಟಲು ಖಾಲಿಯಾಗಿತ್ತು. ಯಶೋದಾ ಮತ್ತೆ ತುಂಬಿಸಿದಳು.

"ಹಂಸಾ," ಎಂದರು ಶಾರದಾಂಬಾ, ಅದನ್ನೂ ಮುಗಿಸಿ, "ಬರೋ ಶುಕ್ರವಾರ ಮೊಮ್ಮಗನ ಮುಂಜಿಗೆ ಇದೇ ಇರ್ಲಿ. ನಾನೂರು ಜನಕ್ಕೆ ಹೇಳ್ಬಿಡು. ಆದ್ರೆ ನೋಡಮ್ಮ ಯಶೋದಾ, ರುಚಿ ಹೀಗೇ ಇರ್ಬೇಕು. ಒಂದ್ ಚೂರೂ ಹುಳಿ ಬರಬಾರ್ದು."

"ಅದು ಸರಿಯಾಗಿ ಬಂದ್ರೆ ಮಂಟಪದ ಕೌಂಟರು ವರ್ಷವಿಡೀ ನಿಮ್ಮದೇ" ಎಂದಳು ಹಂಸಾ.

ಯಶೋದಾ ಒಪ್ಪಿಕೊಂಡಳು. ಒಪ್ಪಿಕೊಂಡದ್ದಷ್ಟೇ ಅಲ್ಲ, ಕಟ್ಟೆಯ ಮೇಲೆ ತೊಳೆದಿಟ್ಟಿದ್ದ ಖಾಲಿ ಡಬ್ಬಿಯ ಫೋಟೋ ತೆಗೆದು, ಅದೇ ಚೀಸು ಪೆಟ್ಟಿಗೆಗಟ್ಟಲೆ ಕಳಿಸಿ ಎಂದು ಕಾರು ಗಲ್ಲಿ ದಾಟುವುದರೊಳಗೆ ಬೆಂಗಳೂರಿಗೆ ಹೇಳಿಯೂ ಬಿಟ್ಟಳು. "ಕಡಿಯೋದು ಮಾತ್ರ ನೀವೇ ಕಣ್ರೀ" ಎಂದಳು. "ಅದೇನೋ ನಿಮ್ಮ ಕೈಗುಣ."

ವಿಶ್ವನಾಥ ಗಿಣ್ಣಿನ ಪಾತ್ರೆ ಕೊಡುವ ನೆಪದಲ್ಲಿ ಎದುರು ಮನೆಗೆ ಹೋದ.

"ಅಮ್ಮಾ, ನಿಮ್ಮ ಇನ್ನೊಂದು ಹಸು ಯಾವಾಗ ಕರು ಹಾಕುತ್ತೆ?"

"ಅದಾ? ಇನ್ನೂ ಐದು ತಿಂಗ್ಳು ಬೇಕಪ್ಪಾ."

"ಶುಕ್ರವಾರದೊಳಗೆ ಊರಲ್ಲಿ ಬೇರೆ ಯಾರ ಮನೇಲಾದ್ರೂ...?"

ಕಲ್ಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನಪ್ಪಾ, ಬಸುರಿ ಹೆಂಗಸಿನ ಹಂಗೆ ಗಿಣ್ಣು ಬಯಕೆ ನಿಂಗೆ? ಎಷ್ಟು ಬೇಕಾಗಿತ್ತು?"

"ಸುಮ್ನೆ ಕೇಳ್ದೆ" ಎಂದು ವಿಶ್ವನಾಥ ವಾಪಸ್ಸು ಬಂದ. ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ಮೇಯುವ ಅಮೃತ ಮಹಲ್ ದನಗಳೆಲ್ಲ ಮನಸ್ಸು ಮಾಡಿ ಗುರುವಾರ ರಾತ್ರಿಯೇ ಒಟ್ಟಿಗೆ ಕರು ಹಾಕಿದರೂ ನಾನೂರು ಜನಕ್ಕೆ ಸಾಲುತ್ತದೋ ಇಲ್ಲವೋ. ಸಾಲುವ ಹಾಗಿದ್ದರೂ ಅದನ್ನು ಬಡಿಸುವುದು ಗಿಣ್ಣು ಹೊಸಿಲು ದಾಟದ ಮನೆಯವರ ಮುಂಜಿಯಲ್ಲಿ.

ಯಶೋದಾ ಆ ಸಂಜೆ ಮಾತು ನಿಲ್ಲಿಸಲಿಲ್ಲ. ಕೌಂಟರಿಗೆ ಯಾವ ಬಣ್ಣದ ಬಟ್ಟೆ ಹಾಸುವುದು, ಸಹಾಯಕ್ಕೆ ಯಾರನ್ನು ಕರೆಯುವುದು, ಬಟ್ಟಲು ಗಾಜಿನದೋ ಸ್ಟೀಲಿನದೋ ಎಂದು ಒಂದೇ ಸಮನೆ ಹೇಳುತ್ತಲೇ ಇದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು.

"ರೀ, ಏನ್ ಯೋಚ್ನೆ ಮಾಡ್ತಿದೀರಿ? ನೀವೂ ಏನಾದ್ರೂ ಹೇಳಿ."

"ಸ್ಟೀಲಿಂದೇ ಇರ್ಲಿ" ಎಂದ ವಿಶ್ವನಾಥ.

ಬಟ್ಟಲಲ್ಲಿ ಇದ್ದದ್ದು ಗಿಣ್ಣು ಎಂದು ಅವನು ಹೇಳಲಿಲ್ಲ.