ಶಿಗ್ಗಾಂವಿಯಲ್ಲಿ ಇಳಿಯದ ಸುದ್ದಿ

ಇನ್ನೊಬ್ಬರ ಮನೆಯ ಎಮ್ಮೆಯೋ ಬಂಗಾರದ ಬೋರಮಾಳ ಸರವೋ ಕಳೆದ ಸುದ್ದಿ ಬರೆಯುವಾಗ ನನ್ನ ಪೆನ್ನು ಎಂದೂ ನಿಂತಿಲ್ಲ. ಕಳೆದದ್ದು ನಮ್ಮದೇ ಆದಾಗ ಮಾತ್ರ ಪೂರ್ಣವಿರಾಮ ಎಲ್ಲಿಡಬೇಕೆಂಬುದೂ ಮರೆಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಹಿರೇಕೆರೂರಿನ ಬಾತ್ಮೀದಾರನಾಗಿದ್ದೆ. ಆಗ ಕಳೆಯತೊಡಗಿದ್ದು ನನ್ನ ಸುದ್ದಿಗಳೇ.

ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಬೆಳಿಗ್ಗೆ ಕವರನ್ನು ಕಂಡಕ್ಟರರ ಕೈಗೆ ಕೊಟ್ಟರೆ ಹಾನಗಲ್ಲಿನಲ್ಲಿ ಚಹಾ ಹೋಟೆಲಿನ ಬಸಣ್ಣ ಇಳಿಸಿಕೊಂಡು ಸವಣೂರು ಬಸ್ಸಿಗೆ ಹಾಕುತ್ತಿದ್ದ. ಆ ಬಸ್ಸು ಶಿಗ್ಗಾಂವಿಗೆ ಬಂದಾಗ, ನಿಲ್ದಾಣದಲ್ಲಿ ಮಿರ್ಚಿ ಭಜಿ ಕರಿಯುವ ಹಿರಿಯರೊಬ್ಬರು ಅದನ್ನು ತೆಗೆದುಕೊಂಡು ಹುಬ್ಬಳ್ಳಿ ಬಸ್ಸಿಗೆ ಏರಿಸುತ್ತಿದ್ದರು. ವರ್ಷಗಟ್ಟಲೆ ನಡೆದ ಈ ಏರ್ಪಾಡು ಇದ್ದಕ್ಕಿದ್ದಂತೆ ಕೈಕೊಟ್ಟಿತು. ಕೆಲವು ಕವರು ಮುಟ್ಟುತ್ತಿದ್ದವು, ಕೆಲವು ಮಾಯವಾಗುತ್ತಿದ್ದವು. ಕೊನೆಗೆ ಸಂಪಾದಕರ ಪತ್ರವೇ ಬಂತು: ಇನ್ನೊಂದು ಕವರು ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ನಾನು ಗಾಬರಿಯಾಗಲಿಲ್ಲ, ತನಿಖೆಗೆ ಇಳಿದೆ. ನನ್ನದೇ ವಿಳಾಸ ಬರೆದ ಪೋಸ್ಟ್ ಕಾರ್ಡುಗಳನ್ನು ಕವರಿಗೆ ಹಾಕಿ, ‘ಮುಟ್ಟಿದ ಕೂಡಲೇ ಅಂಚೆ ಡಬ್ಬಿಗೆ ಹಾಕಿರಿ’ ಎಂದು ಚೀಟಿಯಿಟ್ಟು, ಹಾನಗಲ್ಲಿಗೆ ಐದು, ಶಿಗ್ಗಾಂವಿಗೆ ಐದು ಕಳಿಸಿದೆ.

“ಏನ್ರೀ, ನಿಮಗ ನೀವ ಪತ್ರಾ ಬರಕೊಳ್ಳಾಕತ್ತೀರಿ?” ಎಂದಳು ಹೆಂಡತಿ.

ಹಾನಗಲ್ಲಿನಿಂದ ಐದಕ್ಕೆ ಐದೂ ಮರಳಿದವು. ಶಿಗ್ಗಾಂವಿಯಿಂದ ಎರಡೇ. ಕಳ್ಳ ಹಾನಗಲ್ಲಿನ ಆಚೆಗಿದ್ದಾನೆ!

ಮರುದಿನ ಹಾನಗಲ್ಲಿಗೆ ಹೋಗಿ, ನನ್ನ ಕವರು ಏರಿದ ಬಸ್ಸನ್ನೇ ಏರಿ, ಹಿಂದಿನ ಸೀಟಿನಲ್ಲಿ ಕುಳಿತೆ. ಶಿಗ್ಗಾಂವಿಯಲ್ಲಿ ಹೊಸ ಕಂಡಕ್ಟರ್ ಬಾಗಿಲಲ್ಲಿ ನಿಂತು ವಿಳಾಸ ಓದಿದ: “ಶ್ರೀ ವೀರಭದ್ರಪ್ಪ ಗುರುಸಿದ್ದಪ್ಪ ಅಂಗಡಿ! ಯಾರ‍್ರೀ ಇವ್ರು?”

ಭಜಿ ಕರಿಯುತ್ತಿದ್ದ ಆ ಹಿರಿಯರು, ಎಲ್ಲರ ಬಾಯಲ್ಲೂ ಮಿರ್ಚಿ ಮಾಮಾ, ತಲೆಯೆತ್ತಿ, “ಅಂಥಾವ್ರು ಇಲ್ಲಿ ಯಾರೂ ಇಲ್ಲೋ ತಮ್ಮಾ. ಭಾಳ ದೊಡ್ಡ ಹೆಸರೈತಿ, ಕೋರ್ಟಿನ್ಯಾಗ ಕೇಳು” ಎಂದರು.

ನಾನು ಜಿಗಿದಿಳಿದೆ. “ಮಾಮಾ, ಅದು ನಿಮ್ಮ ಹೆಸರರೀ!”

ಅವರು ಎಣ್ಣೆ ಸೋರುವ ಝಾರಾ ಸೌಟನ್ನು ಹಿಡಿದು ಅರೆಗಳಿಗೆ ಯೋಚಿಸಿದರು. “ಹೌದಲ್ರೀ! ಲಗ್ನಪತ್ರಿಕ್ಯಾಗ ಓದಿದ್ದೆ. ಅವತ್ತಿಂದ ಯಾರೂ ಕರದಿಲ್ಲ ನೋಡ್ರಿ.”

ಹಳೆಯ ಕಂಡಕ್ಟರ್ ವಿಳಾಸ ಓದುತ್ತಿರಲಿಲ್ಲ, ಮುಖ ನೋಡಿ ಕೊಡುತ್ತಿದ್ದ. ಈಗ ಅವನೊಂದಿಗೆ ಸರದಿಯ ಮೇಲೆ ಬರತೊಡಗಿದ್ದ ಹೊಸಬ ಓದುತ್ತಿದ್ದ. ಜನ ಕರೆಯುವ ಹೆಸರು ಬಳಸಕೂಡದು, ಪೂರ್ಣ ಹೆಸರನ್ನೇ ಬರೆಯಬೇಕು ಎಂಬುದು ನಮ್ಮ ಪತ್ರಿಕೆಯ ಕಟ್ಟುನಿಟ್ಟು. ಅದನ್ನು ನಾನು ಲಕೋಟೆಯ ಮೇಲೆ, ಶಿಗ್ಗಾಂವಿಯಲ್ಲಿ ಇಳಿಸಿಕೊಳ್ಳುವವರ ಹೆಸರಿಗೂ ಪಾಲಿಸಿದ್ದೆ. ಮತದಾರರ ಪಟ್ಟಿ ನೋಡಿ ಬರೆದುಕೊಂಡ ಹೆಸರದು. ವಾರಸುದಾರರಿಲ್ಲದ ಕವರುಗಳು ಬಸ್ಸಿನ ಜೊತೆ ಸವಣೂರಿಗೆ ಹೋಗಿದ್ದವು. ಅದೇ ಬಸ್ಸಿನಲ್ಲಿ ಮುಂದೆ ಹೋಗಿ ನೋಡಿದರೆ, ನಿಲ್ದಾಣದ ಕಪಾಟಿನ ಮೇಲೆ ನನ್ನ ಹನ್ನೊಂದು ವರದಿಗಳು ಶಿಸ್ತಾಗಿ ಮಲಗಿದ್ದವು.

ಮರುದಿನದಿಂದ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಮಿರ್ಚಿ ಮಾಮಾ, ಶಿಗ್ಗಾಂವಿ. ಆಮೇಲೆ ಒಂದೂ ತಪ್ಪಲಿಲ್ಲ. ಅಬಲೂರಿನ ಬಾವಿ ಕುಸಿದ ಸುದ್ದಿ ಮರುದಿನವೇ ಅಚ್ಚಾಗಿ ಬಂದಾಗ ನಮ್ಮೂರ ನಿಲ್ದಾಣದಲ್ಲಿ ಮೂವರು ನನ್ನ ಕೈ ಕುಲುಕಿದರು. ಗೆದ್ದ ಹುಮ್ಮಸ್ಸಿನಲ್ಲಿ ಆ ಹನ್ನೊಂದು ಹಳೆಯ ವರದಿಗಳನ್ನೂ ಹುಬ್ಬಳ್ಳಿಗೆ ಕಳಿಸಿಬಿಟ್ಟೆ.

ವಾರದೊಳಗೆ ಸಂಪಾದಕರ ಉತ್ತರ ಬಂತು. ನಾನೇ ಮುಂದುವರಿಯಬೇಕೆಂದಿತ್ತು. ಅದನ್ನು ಹೆಂಡತಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಕೆಳಗೆ ಇನ್ನೊಂದು ಸಾಲಿತ್ತು: ‘ತಡವಾಗಿ ಬಂದ ಹನ್ನೊಂದು ವರದಿಗಳನ್ನೂ ಓದಿದೆವು. ಅವು ಆಗ ಮುಟ್ಟದೇ ಇದ್ದುದರಿಂದ ಪತ್ರಿಕೆಗೆ ಯಾವ ನಷ್ಟವೂ ಆಗಿಲ್ಲ.’ ಆ ಸಾಲನ್ನು, ಸ್ಥಳಾಭಾವದಿಂದ, ನಾನು ಕೈಬಿಟ್ಟೆ.